ಇಸ್ತ್ರಿಯಮ್ಮ ಮಡಿಚಿಟ್ಟ ಸಿಲಿಕೋನ್ ಚೀಲ

ಬಟ್ಟೆ ಮಡಿಚುವುದರಲ್ಲಿ ಇಸ್ತ್ರಿಯಮ್ಮನದು ಎತ್ತಿದ ಕೈ. ಮಾರ್ಕೆಟ್ ಬೀದಿಯ ಮೂಲೆಯಲ್ಲಿ ಗಂಡನ ಇಸ್ತ್ರಿ ಅಂಗಡಿ. ಯಜಮಾನರು ಇಸ್ತ್ರಿ ಮಾಡಿ ಕೊಟ್ಟದ್ದನ್ನು ಈಕೆ ಮಡಿಚಿ, ತೆಳು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮನೆಮನೆಗೆ ತಲುಪಿಸಿ ಬರುತ್ತಿದ್ದಳು. ಮನೆಗೆ ಬಂದ ಮೇಲೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಒರಸುವ ಬಟ್ಟೆ, ದಿಂಬಿನ ಚೀಲ, ಹಳೆಯ ಪೇಪರು, ಸಾಮಾನು ಕಟ್ಟಿಕೊಂಡು ಬಂದ ಕಾಗದ, ಎಲ್ಲವೂ ಅಂಚಿಗೆ ಅಂಚು ಕೂಡಿ, ನಾಲ್ಕು ಮಡಿಕೆಯಾಗಿ, ಒಂದರ ಮೇಲೊಂದು ಕೂತಿರಬೇಕು. "ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಮಲಗಿದ್ರೆ ನನ್ನನ್ನೂ ಮಡಿಚಿ ಇಟ್ಟುಬಿಡ್ತಾಳೆ" ಎಂದು ಯಜಮಾನರು ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದರು.

ಈಚೆಗೆ ಆ ತಮಾಷೆ ನಿಂತುಹೋಗಿತ್ತು. ಯಜಮಾನರಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಜಠರದ ಒಂದು ಭಾಗವನ್ನೇ ತೆಗೆಯಬೇಕಾಗಿ ಬಂದಿತ್ತು. ಇನ್ನು ತಟ್ಟೆ ತುಂಬ ಉಣ್ಣುವ ಹಾಗಿಲ್ಲ. ದಿನಕ್ಕೆ ಆರು ಸಲ, ಒಂದೊಂದು ಸಣ್ಣ ಬಟ್ಟಲು, ಮೆತ್ತಗೆ ಬೇಯಿಸಿದ್ದು ಮಾತ್ರ. ಆಸ್ಪತ್ರೆಯಿಂದ ಬಂದಾಗ ಐವತ್ತೆರಡು ಕಿಲೋ ಇದ್ದವರು ತಿಂಗಳು ತುಂಬುವುದರೊಳಗೆ ಐವತ್ತಕ್ಕೆ ಇಳಿದರು. ಡಾಕ್ಟರು ಹೇಳಬೇಕಾದ್ದನ್ನು ನೇರವಾಗಿ ಹೇಳಿದರು:

"ನೋಡಿಮ್ಮ, ತೂಕ ನಲವತ್ತೆಂಟಕ್ಕಿಂತ ಕೆಳಗೆ ಹೋಗಬಾರದು. ಹೋದ್ರೆ ಮತ್ತೆ ಅಡ್ಮಿಟ್ ಮಾಡ್ಬೇಕಾಗತ್ತೆ, ಮೂಗಲ್ಲಿ ಪೈಪ್ ಹಾಕಿ ಊಟ ಕೊಡ್ಬೇಕಾಗತ್ತೆ."

ಅಂದಿನಿಂದ ನಲವತ್ತೆಂಟು ಎಂಬ ಸಂಖ್ಯೆ ಇಸ್ತ್ರಿಯಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಯಜಮಾನರು ಮನೆಯಲ್ಲಿ ಮಲಗಿರುವ ಆಸಾಮಿಯಲ್ಲ. ಕೂತು ಮಾಡುವ ಕೆಲಸವಾದರೆ ಅಡ್ಡಿಯಿಲ್ಲ ಎಂದು ಡಾಕ್ಟರು ಒಪ್ಪಿದ್ದೇ ತಡ, ಎತ್ತರದ ಸ್ಟೂಲು ಹಾಕಿಕೊಂಡು ಮತ್ತೆ ಇಸ್ತ್ರಿ ಮೇಜಿನ ಮುಂದೆ ಹಾಜರಾದರು. ಮನೆ ಇರುವುದು ಮೂರನೇ ಮಹಡಿಯಲ್ಲಿ. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಮೆಟ್ಟಿಲು ಹತ್ತುವಂತಿರಲಿಲ್ಲ. ಬೆಳಿಗ್ಗೆಯ ಮತ್ತು ರಾತ್ರಿಯ ಬಟ್ಟಲು ಮನೆಯಲ್ಲಿ, ನಡುವಿನ ನಾಲ್ಕು ಅಂಗಡಿಯಲ್ಲಿ ಎಂದಾಯಿತು. ಇಸ್ತ್ರಿಯಮ್ಮ ಹೊತ್ತು ಇಳಿಯುವವರೆಗೆ ಬಟ್ಟೆ ಗಂಟು ಹೊತ್ತು ಬೀದಿ ಬೀದಿ ಅಲೆಯುವವಳು. ಹೊತ್ತು ಹೊತ್ತಿಗೆ ಅವರ ಮುಂದೆ ಬಟ್ಟಲು ಹಿಡಿದು ನಿಲ್ಲಲು ಸಾಧ್ಯವಿರಲಿಲ್ಲ.

ಮೊದಲು ಒಂದೇ ದೊಡ್ಡ ಡಬ್ಬಿಯಲ್ಲಿ ಕಳಿಸಿ ನೋಡಿದಳು. ನಾಲ್ಕು ಸಲ ಮುಚ್ಚಳ ತೆಗೆದು, ನಾಲ್ಕು ಸಲ ಚಮಚ ಆಡಿಸಿ, ಸಂಜೆಗೆ ಅದು ನೀರಾಗಿ ಹುಳಿ ವಾಸನೆ ಹೊಡೆಯಿತು. ಆಗ ಆಕೆಗೊಂದು ಉಪಾಯ ಹೊಳೆಯಿತು. ಮನೆಯಲ್ಲಿ ಅಂಗಿ ಹಾಕುವ ಕವರುಗಳಿಗೆ ಬರವಿಲ್ಲ. ಬಿಸಿ ಗಂಜಿ, ಹಿಸುಕಿದ ತರಕಾರಿ, ಸೂಪು, ಒಂದೊಂದನ್ನು ಒಂದೊಂದು ಕವರಿಗೆ ಸುರಿದು, ಬಾಯಿ ಮಡಿಚಿ, ಮೇಲೊಂದು ಕಾಗದ ಇಟ್ಟು, ಇಸ್ತ್ರಿ ಪೆಟ್ಟಿಗೆಯ ಮೂತಿಯಿಂದ ಒಂದು ಸಲ ಎಳೆದರೆ ಅಂಟಿಕೊಂಡು ಬಿಡುತ್ತಿತ್ತು. ನಾಲ್ಕು ಪೊಟ್ಟಣ, ಅಂಗಡಿಯಲ್ಲಿ ಮಾರಿದ್ದರೆ ಯಾರೂ ಮನೆಯದು ಎನ್ನುವ ಹಾಗಿರಲಿಲ್ಲ. ತಣ್ಣಗಾಗದಿರಲೆಂದು ಇಸ್ತ್ರಿ ಮೇಜಿನ ಮೇಲಿನ ಹಲಗೆಯಲ್ಲಿ, ಸದಾ ಬೆಚ್ಚಗಿರುವ ಜಾಗದಲ್ಲಿ, ಸಾಲಾಗಿ ಇಟ್ಟು ಹೋಗುತ್ತಿದ್ದಳು. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡಳು.

ಯಜಮಾನರ ಹೊಟ್ಟೆ ಮಾತ್ರ ಬೆನ್ನು ತಟ್ಟಲಿಲ್ಲ. ವಾರಕ್ಕೆ ಎರಡು ಸಲವಾದರೂ ವಾಂತಿ, ಇಲ್ಲವೇ ಭೇದಿ. ತೂಕ ನಲವತ್ತೊಂಬತ್ತಾಯಿತು.

ಒಂದು ದಿನ ಪಕ್ಕದ ಬೀದಿಯ ಆರೋಗ್ಯ ಕೇಂದ್ರದ ನರ್ಸಮ್ಮ ತಮ್ಮ ಬಿಳಿ ಯೂನಿಫಾರಂ ತೆಗೆದುಕೊಳ್ಳಲು ಅಂಗಡಿಗೆ ಬಂದರು. ಇಸ್ತ್ರಿಯಮ್ಮ ಇನ್ನೂ ಗಂಟು ಎತ್ತಿರಲಿಲ್ಲ. ನರ್ಸಮ್ಮನ ಕಣ್ಣು ಯೂನಿಫಾರಂ ಬಿಟ್ಟು ಹಲಗೆಯ ಕಡೆ ಹೋಯಿತು.

"ಇದೇನಮ್ಮ, ಅಂಗಿ ಹಾಕೋ ಕವರಲ್ಲಿ ಊಟ ತುಂಬಿಸಿಟ್ಟಿದ್ದೀರಿ?"

"ಹೊಸ ಕವರೇ ನರ್ಸಮ್ಮ. ಒಂದ್ಸಲನೂ ಬಳಸಿದ್ದಲ್ಲ."

"ಹೊಸದೇ ಇರ್ಬಹುದು. ಆದ್ರೆ ಅದು ಬಟ್ಟೆಗೆ ಅಂತ ಮಾಡಿದ್ದು, ಬಾಯಿಗೆ ಅಂತ ಅಲ್ಲ. ಅದರೊಳಗೆ ಕೊತಕೊತ ಅನ್ನೋ ಗಂಜಿ ಸುರಿದ್ರೆ ಪ್ಲಾಸ್ಟಿಕ್ಕಿನಲ್ಲಿರೋ ಬೇಡದ್ದೆಲ್ಲ ಗಂಜಿಗೆ ಇಳಿಯತ್ತೆ. ಅದಿರ್ಲಿ, ಇದನ್ನ ಇಲ್ಲಿ ಬಿಸಿ ಪಕ್ಕ ಯಾಕಿಟ್ರಿ?"

"ತಣ್ಣಗಿನದು ಇವರಿಗೆ ಆಗಲ್ಲ ಅಂತ."

"ಎಷ್ಟೊತ್ತು ಇರತ್ತೆ ಇಲ್ಲಿ?"

"ಕೊನೇದು ಸಾಯಂಕಾಲ ನಾಲ್ಕಕ್ಕೆ ತಿಂತಾರೆ."

ನರ್ಸಮ್ಮ ಒಂದು ಪೊಟ್ಟಣ ಮುಟ್ಟಿ ನೋಡಿದರು. "ಉಗುರುಬೆಚ್ಚಗಿದೆ. ಇಷ್ಟೇ ಬಿಸಿ ರೋಗಾಣುಗಳಿಗೂ ಬೇಕಾಗಿರೋದು. ಊಟ ಒಂದೋ ಹಬೆಯಾಡೋ ಹಾಗಿರ್ಬೇಕು, ಇಲ್ಲಾ ಫ್ರಿಜ್ಜಿನೊಳಗೆ ಇದ್ದಷ್ಟು ತಣ್ಣಗಿರ್ಬೇಕು. ಮಧ್ಯದಲ್ಲಿ ಗಂಟೆಗಟ್ಟಲೆ ಬಿಟ್ರೆ ಕೆಡತ್ತೆ. ವಾಸನೆ ಬಂದೇ ಕೆಡಬೇಕು ಅಂತೇನಿಲ್ಲ. ನಿಮಗೆ ನನಗೆ ಆದ್ರೆ ಹೇಗೋ ಅರಗಿ ಹೋಗ್ಬಹುದು. ಇವರ ಹೊಟ್ಟೆಗೆ ಈಗ ಆ ಶಕ್ತಿ ಇಲ್ಲ."

ಇಸ್ತ್ರಿಯಮ್ಮನಿಗೆ ಒಳಗೊಳಗೇ ಮುಜುಗರ. "ಮತ್ತೆ ಏನ್ ಮಾಡ್ಲಿ? ನಾಲ್ಕು ನಾಲ್ಕು ಡಬ್ಬಿ ಹೊತ್ಕೊಂಡು ಇಳಿಯೋಕೆ ಇವರ ಕೈಲಿ ಆಗಲ್ಲ, ನನ್ನ ತಲೆ ಮೇಲೆ ಬಟ್ಟೆ ಗಂಟು."

"ಸಿಲಿಕೋನ್ ಚೀಲ ಅಂತ ಸಿಗತ್ತೆ. ಮಗೂಗೆ ಹಾಲು ಕುಡಿಸೋ ಬಾಟ್ಲಿಯ ನಿಪ್ಪಲ್ ನೋಡಿದ್ದೀರಲ್ಲ, ಅದೇ ಥರದ್ದು, ಆದ್ರೆ ದಪ್ಪ. ಹಗುರ ಇರತ್ತೆ, ಬಾಯಿ ಬಿಗಿಯಾಗಿ ಮುಚ್ಚತ್ತೆ, ಫ್ರಿಜ್ಜಿಗೂ ಸೈ, ಕುದಿಯೋ ನೀರಿಗೂ ಸೈ. ತೊಳೆದು ತೊಳೆದು ವರ್ಷಗಟ್ಟಲೆ ಬಳಸ್ಬಹುದು. ತಗೊಳ್ಳೋವಾಗ ಪ್ಯಾಕೆಟ್ ಮೇಲೆ ಆಹಾರಕ್ಕೆ ಯೋಗ್ಯ ಅಂತ ಬರೆದಿದೆಯಾ ನೋಡಿ, ಎಷ್ಟು ಬಿಸಿ ತಡೆಯತ್ತೆ ಅಂತಾನೂ ನೋಡಿ."

ಅಂಗಡಿಯ ಹಿಂದಿನ ಚರಂಡಿಯಲ್ಲಿ ಯಜಮಾನರು ತಿಂದು ಎಸೆದ ಕವರುಗಳು ನೀರಿಗೆ ಅಡ್ಡಲಾಗಿ ಉಬ್ಬಿ ನಿಂತಿದ್ದವು. ಹೋಗುವಾಗ ನರ್ಸಮ್ಮ ಅದನ್ನೂ ನೋಡಿದರು. ಮೂಗು ಮುಚ್ಚಿಕೊಂಡು ದಾಟಿದರು. ಆ ಮೂಗು ಮುಚ್ಚಿಕೊಂಡದ್ದೇ ಇಸ್ತ್ರಿಯಮ್ಮನಿಗೆ ಹೆಚ್ಚು ಚುಚ್ಚಿತು.

ನರ್ಸಮ್ಮ ಹೇಳಿದ್ದನ್ನು ಮಾವನಿಂದ ಕೇಳಿ ಚೀಲ ತಂದವಳು ಸೊಸೆ. ಆಕೆ ಬಸ್ ಕಂಡಕ್ಟರ್. ಮಗ ಲಾರಿ ಓಡಿಸಿಕೊಂಡು ತಿಂಗಳಲ್ಲಿ ಇಪ್ಪತ್ತು ದಿನ ಹೊರಗೇ ಇರುವುದರಿಂದ ಮನೆಯಲ್ಲಿ ಅತ್ತೆ, ಮಾವ, ಸೊಸೆ ಮೂವರೇ. ಡ್ಯೂಟಿ ಮುಗಿಸಿ, ಟಿಕೆಟ್ ಚೀಲ ಗೋಡೆಗೆ ತಗುಲಿಸಿ, ನಾಲ್ಕು ಸಿಲಿಕೋನ್ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಇಸ್ತ್ರಿಯಮ್ಮ ಒಂದನ್ನು ಎತ್ತಿ ಮೂಗು ಮುರಿದಳು.

"ರಬ್ಬರ್ ಚೀಲ. ಸೊಂಟ ನೋವಿಗೆ ಕಾವು ಕೊಡೋ ಚೀಲ ಇದ್ದ ಹಾಗಿದೆ. ಇದರಲ್ಲಿ ಊಟಾನಾ?"

"ರಬ್ಬರ್ ಅಲ್ಲ ಅತ್ತೆ, ಸಿಲಿಕೋನು."

"ಇದೊಂದರ ದುಡ್ಡಲ್ಲಿ ವರ್ಷಕ್ಕಾಗೋ ಅಷ್ಟು ಕವರ್ ಬರತ್ತೆ."

"ವರ್ಷಕ್ಕಾಗೋ ಅಷ್ಟು ಚರಂಡೀಗೂ ಹೋಗತ್ತೆ" ಎಂದಳು ಸೊಸೆ. ದಿನವಿಡೀ ಚಿಲ್ಲರೆಗಾಗಿ ಪ್ರಯಾಣಿಕರ ಜೊತೆ ಜಗಳಾಡುವವಳು, ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ.

ಯಜಮಾನರು ಎದ್ದು ಬಂದರು. ಯಾವ ಬಟ್ಟೆ ಎಷ್ಟು ಕಾವು ತಡೆಯುತ್ತದೆ ಎಂದು ಮುಟ್ಟಿ ಹೇಳುವ ಮನುಷ್ಯ ಅವರು. ಮನೆಯ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿದರು. ಒಂದು ಚೀಲವನ್ನು ಮೇಜಿನ ಮೇಲೆ ಹರಡಿ, ಕಾಗದ ಹೊದಿಸಿ, ಹತ್ತಿ ಬಟ್ಟೆಗೆ ಇಡುವಷ್ಟು ಕಾವಿನಲ್ಲಿ ಎರಡು ಎಣಿಸುವವರೆಗೆ ಒತ್ತಿದರು. ಕವರಾಗಿದ್ದರೆ ಕರಗಿ ಕಾಗದಕ್ಕೆ ಮೆತ್ತಿಕೊಳ್ಳಬೇಕಿತ್ತು. ಚೀಲ ಹೇಗಿತ್ತೋ ಹಾಗೇ ಇತ್ತು. ಯಜಮಾನರು ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ, "ಗಟ್ಟಿ ಇದೆ ಕಣೇ" ಎಂದರು. (ಇದನ್ನು ಓದಿದವರು ದಯವಿಟ್ಟು ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಕೂರಬೇಡಿ. ಅವರು ಮೂವತ್ತು ವರ್ಷದಿಂದ ಅದೇ ಕೆಲಸದಲ್ಲಿದ್ದವರು. ನಮಗೆ ನಿಮಗೆ ಪ್ಯಾಕೆಟ್ ಓದಿದರೆ ಸಾಕು.)

ಮರುದಿನದಿಂದ ಹೊಸ ಕ್ರಮ ಶುರುವಾಯಿತು. ಸೊಸೆ ಅತ್ತೆಯ ಹಿಂದೆ ಹಿಂದೆ ಓಡಾಡುತ್ತ ಹೇಳಿದಳು: "ರಾತ್ರಿ ಅಡುಗೆ ಆದ ಮೇಲೆ ಅಗಲ ತಟ್ಟೇಲಿ ಹರಡಿ ಬೇಗ ಆರಿಸಿ ಫ್ರಿಜ್ಜಲ್ಲಿಡಿ, ಅತ್ತೆ. ಬೆಳಿಗ್ಗೆ ಚೀಲಕ್ಕೆ ಮುಕ್ಕಾಲು ಭಾಗ ತುಂಬಿಸಿ ಸಾಕು, ಗಾಳಿ ಹೊರಗೆ ಒತ್ತಿ ಬಾಯಿ ಮುಚ್ಚಿ. ಐಸ್ ಹಾಕಿದ ಡಬ್ಬೀಲಿ ಇಟ್ಟು ಮಾವಂಗೆ ಕೊಡಿ. ತೊಳೆದಾದ ಮೇಲೆ ಲೋಟದ ಮೇಲೆ ಬೋರಲು ಹಾಕಿ ಒಣಗಿಸ್ಬೇಕು."

ಇಸ್ತ್ರಿಯಮ್ಮ ಒರಸುವ ಬಟ್ಟೆ ಮಡಿಚುತ್ತಾ "ಹೂಂ, ಹೂಂ" ಎಂದಳು. ಕೊನೆಯ ಮಾತು ಕಿವಿಗೆ ಬಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಅಂಗಡಿಯಲ್ಲಿ ಯಜಮಾನರಿಗೆ ಕೆಲಸ ಸುಲಭವಾಯಿತು. ಹಬೆ ಇಸ್ತ್ರಿಗೆಂದು ಕೆಟಲಿನಲ್ಲಿ ನೀರು ಹೇಗೂ ಕುದಿಯುತ್ತಿರುತ್ತದೆ. ಹೊತ್ತಿಗೆ ಸರಿಯಾಗಿ ಒಂದು ಚೀಲ ತೆಗೆದು, ಪಾತ್ರೆಯಲ್ಲಿ ಕುದಿನೀರು ಹಾಕಿ ಅದರಲ್ಲಿ ಇಳಿಬಿಡುವುದು. ನೀರು ಆರಿದರೆ ಬದಲಾಯಿಸುವುದು. ಒಳಗೆಲ್ಲ ಹಬೆಯಾಡುವಷ್ಟು ಬಿಸಿಯಾದ ಮೇಲೆ ಬಟ್ಟಲಿಗೆ ಸುರಿದು ನಿಧಾನವಾಗಿ ಉಣ್ಣುವುದು. ಉಳಿದದ್ದನ್ನು ಮತ್ತೆ ಚೀಲಕ್ಕೆ ಹಾಕುವಂತಿಲ್ಲ. ಮೂರು ವಾರ ಹೊಟ್ಟೆ ತಕರಾರು ತೆಗೆಯಲಿಲ್ಲ. ತೂಕ ಐವತ್ತೂವರೆಗೆ ಏರಿತು. "ರಬ್ಬರ್ ಚೀಲಾನೇ ಇರ್ಲಿ, ಪರವಾಗಿಲ್ಲ" ಎಂದು ಇಸ್ತ್ರಿಯಮ್ಮ ಗಿರಾಕಿಗಳ ಮನೆಯಲ್ಲಿ ಹೇಳಿಕೊಂಡೂ ಬಂದಳು.

ನಾಲ್ಕನೇ ವಾರ ಎಲ್ಲ ತಲೆಕೆಳಗಾಯಿತು. ಒಂದು ಮಧ್ಯಾಹ್ನ ಯಜಮಾನರು ಮೇಜಿನ ಮೇಲೆ ಕೈಯೂರಿಕೊಂಡು ವಾಂತಿ ಮಾಡಿದರು. ಸಂಜೆಗೆ ಜ್ವರ, ಭೇದಿ. ಡಾಕ್ಟರು ನೋಡಿ, ಕೆಟ್ಟ ಆಹಾರದಿಂದ ಹೊಟ್ಟೆಗೆ ಸೋಂಕಾಗಿದೆ ಎಂದು ಔಷಧಿ ಬರೆದುಕೊಟ್ಟರು, ಓ.ಆರ್.ಎಸ್. ನೀರು ಕುಡಿಸುತ್ತಲೇ ಇರಲು ಹೇಳಿದರು. ತೂಕದ ಯಂತ್ರದಲ್ಲಿ ನಲವತ್ತೆಂಟೂ ಕಾಲು. ಇನ್ನು ಕಾಲು ಕಿಲೋ ಹೋದರೆ ಆ ಪೈಪು.

ಮನೆಗೆ ಬಂದ ಮೇಲೆ ಭಯವೆಲ್ಲ ಸಿಟ್ಟಾಗಿ ಸೊಸೆಯ ಮೇಲೆ ಹರಿಯಿತು.

"ನಾನು ಮೊದ್ಲೇ ಹೇಳಿದ್ದೆ. ನಿನ್ನ ರಬ್ಬರ್ ಚೀಲ ತಂದು ನನ್ನ ಗಂಡನ್ನ ಈ ಸ್ಥಿತಿಗೆ ತಂದೆ. ನಾಳೆಯಿಂದ ನನ್ನ ಕವರೇ ಸೈ."

ಯಾವತ್ತೂ ಉತ್ತರ ಸಿದ್ಧವಿರುವ ಸೊಸೆ ಈ ಸಲ ಜಗಳಕ್ಕೆ ಇಳಿಯಲಿಲ್ಲ. "ಮಾವ ಹುಷಾರಾಗ್ಲಿ ಅತ್ತೆ, ಆಮೇಲೆ ಮಾತಾಡೋಣ" ಎಂದು ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದಳು. ಮರುದಿನ ತಿಂಡಿಯನ್ನೂ ತಿನ್ನದೆ ಮೊದಲ ಬಸ್ಸಿನ ಡ್ಯೂಟಿಗೆ ಹೊರಟುಬಿಟ್ಟಳು.

ಅಂದು ಅಂಗಡಿ ಬಾಗಿಲು ಹಾಕಿತ್ತು. ಯೂನಿಫಾರಂ ತರಲು ಹೋದ ನರ್ಸಮ್ಮ ವಿಷಯ ಕೇಳಿ ಮೂರು ಮಹಡಿ ಹತ್ತಿ ಬಂದರು. ಯಜಮಾನರ ನಾಡಿ ನೋಡಿದರು, ನಾಲಿಗೆ ನೋಡಿದರು, ಓ.ಆರ್.ಎಸ್. ಎಷ್ಟು ಲೋಟ ಹೋಗಿದೆ ಎಂದು ಕೇಳಿದರು. ಭೇದಿ ನಿಂತಿತ್ತು. ಯಜಮಾನರು ಗೋಡೆಗೆ ಒರಗಿ ಕೂತಿದ್ದರು. ಆಮೇಲೆ ನರ್ಸಮ್ಮ ಅಡುಗೆಮನೆಗೆ ಬಂದರು.

"ಅಡುಗೆ ಹೇಗೆ ಆರಿಸ್ತೀರಿ?"

"ತಟ್ಟೇಲಿ ಹರಡಿ, ಗಂಟೆಯೊಳಗೆ ಫ್ರಿಜ್ಜಿಗೆ."

"ಐಸು?"

"ತಪ್ಪದೇ ಇಡ್ತೀನಿ. ಇವರೂ ಕುದಿನೀರಲ್ಲಿ ಬಿಸಿ ಮಾಡ್ಕೊಂಡೇ ತಿಂತಾರೆ. ಎಲ್ಲಾ ಹೇಳಿದ ಹಾಗೇ ಮಾಡಿದ್ದೀನಿ ನರ್ಸಮ್ಮ. ಆ ಚೀಲಾನೇ ಸರಿ ಇಲ್ಲ."

"ಚೀಲ ಎಲ್ಲಿ, ತೋರಿಸಿ."

ಇಸ್ತ್ರಿಯಮ್ಮನಿಗೆ ಅದರಲ್ಲಿ ಅಳುಕೇನೂ ಇರಲಿಲ್ಲ. ಕಪಾಟು ತೆರೆದಳು. ಮೇಲಿನ ಹಲಗೆಯಲ್ಲಿ ನಾಲ್ಕೂ ಚೀಲಗಳು ಇದ್ದವು. ಬಾಯಿ ಬಿಗಿಯಾಗಿ ಮುಚ್ಚಿ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ, ಒಂದರ ಮೇಲೊಂದು ಜೋಡಿಸಿ, ಮಡಿಕೆ ಬಿಚ್ಚದಿರಲೆಂದು ಮೇಲೆ ಹಳೆಯ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯ ಭಾರ ಹೇರಿತ್ತು. ಗಿರಾಕಿಗೆ ಕೊಡಲು ಸಿದ್ಧವಾದ ಅಂಗಿಗಳ ಹಾಗೆಯೇ ಕೂತಿದ್ದವು.

ನರ್ಸಮ್ಮನಿಗೆ ನಗು ಬಂತು, ಅದನ್ನು ನುಂಗಿಕೊಂಡರು. "ಇದನ್ನ ಮಡಿಚಿದ್ದು ಯಾರು?"

"ನಾನೇ. ಸೊಸೆ ರಾತ್ರಿ ತೊಳೆದು ಲೋಟದ ಮೇಲೆ ಕವುಚಿ ಹೋಗ್ತಾಳೆ. ಬಾಯಿ ಬಿಟ್ಕೊಂಡು ನಿಂತಿರತ್ತೆ, ನೋಡೋಕೇ ಆಗಲ್ಲ. ಅವಳು ಮಲಗೋಷ್ಟರಲ್ಲಿ ನಾನು ಒರಸಿ ಮಡಿಚಿ ಇಟ್ಟುಬಿಡ್ತೀನಿ."

"ಒಳಗಡೆ ಒರಸ್ತೀರಾ?"

"ಹೊರಗೆ ಒರಸ್ತೀನಿ. ಒಳಗೆ ಯಾಕೆ, ತೊಳೆದಿರತ್ತಲ್ಲ. ಬೆಳಿಗ್ಗೆ ಗಡಿಬಿಡೀಲಿ ಹಾಗೇ ತುಂಬಿಸ್ತೀನಿ."

ನರ್ಸಮ್ಮ ಒಂದು ಚೀಲದ ಬಾಯಿ ತೆರೆದು, ಬೆರಳು ಹಾಕಿ, ಕಾಲುಚೀಲದ ಹಾಗೆ ಒಳಮೈ ಹೊರಗೆ ಮಾಡಿದರು. ಗಬ್ಬು ವಾಸನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ ಲೋಳೆ. ಮಡಿಕೆ ಬಿದ್ದ ಗೆರೆಯುದ್ದಕ್ಕೂ ಸಾಸಿವೆಯಷ್ಟು ಸಾಸಿವೆಯಷ್ಟು ಕಪ್ಪು ಚುಕ್ಕೆ.

"ಅಮ್ಮ, ನಿಮ್ಮನ್ನೊಂದು ಮಾತು ಕೇಳ್ತೀನಿ. ಒದ್ದೆ ಅಂಗೀನ ಮಡಿಚಿ ಕವರಲ್ಲಿ ಹಾಕಿ ಮುಚ್ಚಿಟ್ರೆ ಏನಾಗತ್ತೆ?"

"ಯಾರಾದ್ರೂ ಇಡ್ತಾರಾ? ಬೂಷ್ಟು ಹಿಡಿಯತ್ತೆ. ಕಪ್ಪು ಚುಕ್ಕೆ ಬೀಳತ್ತೆ, ಎಷ್ಟು ತಿಕ್ಕಿದ್ರೂ..."

ಇಸ್ತ್ರಿಯಮ್ಮ ನರ್ಸಮ್ಮನ ಕೈಯಲ್ಲಿದ್ದ ಚೀಲ ನೋಡಿದಳು. ಒದ್ದೆ ಬಟ್ಟೆ ಮಡಿಚಿ ಕಳಿಸುವ ಗಿರಾಕಿಗಳನ್ನು ಜೀವಮಾನವಿಡೀ ಬೈದುಕೊಂಡು ಬಂದವಳು ಆಕೆ. ಹೊರಗೆ ಕೈಗೆ ಒಣಗಿದಂತೆ ಕಂಡಿದ್ದಕ್ಕೆ ಒಳಗಿನ ತೇವ ಮರೆತೇ ಹೋಗಿತ್ತು. ತಾನೇ, ತನ್ನ ಕೈಯಾರೆ, ತನಗೆ ಹೆಮ್ಮೆಯಾದ ಅದೇ ಕೆಲಸದಿಂದ ಗಂಡನನ್ನು ಮತ್ತೆ ಹಾಸಿಗೆ ಹಿಡಿಸಿದ್ದಳು. ಆಕೆ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು, ಕಣ್ಣಲ್ಲಿ ನೀರು ತುಂಬಿಕೊಂಡಿತು.

"ನನ್ನಿಂದಲೇ ಆಯ್ತಲ್ಲ ನರ್ಸಮ್ಮ. ಆ ಹುಡುಗೀನ ಬಾಯಿಗೆ ಬಂದ ಹಾಗೆ ಬೈದೆ."

"ಬೇಕು ಅಂತ ಮಾಡಿದ್ದಲ್ಲ ನೀವು. ಕೆಲವು ರೋಗಾಣು ಬಿಟ್ಟ ವಿಷ ಬಿಸಿ ಮಾಡಿದ್ರೂ ಹೋಗಲ್ಲ. ಕಾರಣ ಸಿಕ್ಕಿತಲ್ಲ, ಅದೇ ದೊಡ್ಡದು. ಕಾರಣ ಗೊತ್ತಾಗದೇ ಇದ್ದಿದ್ರೆ ಮತ್ತೆ ಕವರಿಗೆ ಹೋಗ್ತಿದ್ರಿ, ಇವರನ್ನ ಆಸ್ಪತ್ರೆಗೆ ಸೇರಿಸ್ತಿದ್ವಿ. ಏಳಿ, ನೀರು ಕುದಿಯೋಕಿಡಿ."

ಇಬ್ಬರೂ ಸೇರಿ ಅಲ್ಲೇ ಕೆಲಸಕ್ಕೆ ಇಳಿದರು. ಕಪ್ಪು ಚುಕ್ಕೆ ಹಿಡಿದು ಅಂಟಂಟಾಗಿದ್ದ ಎರಡು ಚೀಲಗಳನ್ನು ನರ್ಸಮ್ಮ ಪಕ್ಕಕ್ಕೆ ತೆಗೆದಿಟ್ಟರು. "ಇವು ಇನ್ನು ಊಟಕ್ಕೆ ಬೇಡ. ದಾರ, ಗುಂಡಿ ಹಾಕ್ಕೊಳ್ಳಿ." ಉಳಿದೆರಡರಲ್ಲಿ ಬರೀ ವಾಸನೆ ಇತ್ತು. ಒಳಮೈ ಹೊರಗೆ ಮಾಡಿ, ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಮೆತ್ತಗಿನ ಬ್ರಷ್ಷಿನಿಂದ ಮೂಲೆ ಮೂಲೆ ತಿಕ್ಕಿ, ಬಿಸಿ ಸೋಪು ನೀರಿನಲ್ಲಿ ತೊಳೆದರು. ಆಮೇಲೆ ದೊಡ್ಡ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿದರು.

"ದಿನಾ ಕುದಿಸ್ಬೇಕಾ?" ಎಂದಳು ಇಸ್ತ್ರಿಯಮ್ಮ.

"ದಿನಾ ಬಿಸಿ ಸೋಪು ನೀರಲ್ಲಿ ಒಳಮೈ ಹೊರಗೆ ಮಾಡಿ ತೊಳೆದ್ರೆ ಸಾಕು. ನಿಮ್ಮ ಮನೇಲಿ ಇವರ ಹೊಟ್ಟೆ ಸೂಕ್ಷ್ಮ, ಅದಕ್ಕೆ ಎರಡು ದಿನಕ್ಕೊಮ್ಮೆ ಕುದಿಸಿ. ಒಣಗೋದು ಮಾತ್ರ ಪೂರ್ತಿ ಒಣಗ್ಬೇಕು. ಬಾಯಿ ತೆರೆದೇ ಇರ್ಲಿ, ಒಳಗೆ ಗಾಳಿ ಆಡ್ಲಿ. ಒಳಗೆ ಬೆರಳಾಡಿಸಿ ನೋಡಿ, ಒಂಚೂರು ತೇವ ಇದ್ರೂ ಮುಚ್ಚಬೇಡಿ. ಚಾಕು ಗೀಕು ತಾಗಿಸ್ಬೇಡಿ, ಬೆಂಕಿ ಮೇಲೆ ನೇರ ಇಡ್ಬೇಡಿ. ಮತ್ತೆ ಮಡಿಚೋದು..."

"ಮಡಿಚಲ್ಲ ನರ್ಸಮ್ಮ. ಕೈ ಕಟ್ಟಿಹಾಕ್ಕೊಂಡಾದ್ರೂ ಇರ್ತೀನಿ."

ಒಳಗಿನಿಂದ ಯಜಮಾನರ ಕ್ಷೀಣ ದನಿ ಬಂತು. "ನಂಬಬೇಡಿ ಅವಳನ್ನ. ಕಪಾಟಿಗೆ ಬೀಗ ಹಾಕಿ ಹೋಗಿ."

ನರ್ಸಮ್ಮ ಈಗ ನಗು ನುಂಗಿಕೊಳ್ಳಲಿಲ್ಲ. ಇಸ್ತ್ರಿಯಮ್ಮನೂ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಲೇ ನಕ್ಕಳು.

ಸಂಜೆ ಸೊಸೆ ಬಂದು ಚಪ್ಪಲಿ ಬಿಡುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಲೋಟ, ಲೋಟಗಳ ಮೇಲೆ ಬೋರಲಾಗಿ ನಿಂತ ಎರಡು ಚೀಲ ಕಂಡವು. ನೋಡಿದರೂ ನೋಡದವಳಂತೆ ಒಳಗೆ ಹೋಗಲಿದ್ದಳು. ಇಸ್ತ್ರಿಯಮ್ಮ ಅಡ್ಡ ನಿಂತಳು.

"ತಪ್ಪು ನಂದು ಕಣೇ. ನೀನು ಹೇಳಿದ್ದನ್ನ ಕಿವಿ ಮೇಲೆ ಹಾಕ್ಕೊಳ್ಳದೆ ಒದ್ದೆಯಲ್ಲೇ ಮಡಿಚಿಟ್ಟೆ. ಬೂಷ್ಟು ಹಿಡಿದಿತ್ತು. ಮಾವನ ಹೊಟ್ಟೆ ಕೆಡಿಸಿದ್ದು ನಾನು, ಬೈಸ್ಕೊಂಡಿದ್ದು ನೀನು."

ಸೊಸೆ ಹೆಗಲ ಮೇಲಿದ್ದ ಟಿಕೆಟ್ ಚೀಲ ಇಳಿಸಿದಳು. ಆಮೇಲೆ ಹೇಳಿದಳು, "ನಾನೂ ಒಂದೇ ಸಲ ಹೇಳಿ ಓಡಿಬಿಟ್ಟೆ ಅತ್ತೆ. ಯಾಕೆ ಒಣಗಿಸ್ಬೇಕು ಅಂತ ಹೇಳ್ಲಿಲ್ಲ. ಕಪಾಟಲ್ಲಿ ಏನಿದೆ ಅಂತ ತೆಗೆದೂ ನೋಡ್ಲಿಲ್ಲ."

"ಊಟ ಮಾಡಿದ್ಯಾ?"

"ಇಲ್ಲ."

"ಬೆಳಿಗ್ಗೆನೂ ತಿಂದಿಲ್ಲ. ಬಾ, ಕೂತ್ಕೋ" ಎಂದು ಇಸ್ತ್ರಿಯಮ್ಮ ತಾನೇ ತಟ್ಟೆ ಹಾಕಿದಳು. ಸೊಸೆ ಎರಡನೇ ಸಲ ಬಡಿಸಿಕೊಂಡು ತಿನ್ನುವುದನ್ನು ನೋಡಿದ ಮೇಲೆ ಆಕೆಯ ಎದೆಯ ಅರ್ಧ ಭಾರ ಇಳಿಯಿತು. ತೆಗೆದಿಟ್ಟ ಎರಡು ಚೀಲಗಳ ಬದಲಿಗೆ ಹೊಸ ಎರಡನ್ನು ಈ ಸಲ ಇಸ್ತ್ರಿಯಮ್ಮನೇ ಹೋಗಿ, ಪ್ಯಾಕೆಟ್ ಓದಿಸಿಕೊಂಡು, ಅಂಗಡಿಯವನ ತಲೆ ತಿಂದು ತಂದಳು.

ಉಳಿದ ಅರ್ಧ ಭಾರ ಇಳಿಯಲು ಇನ್ನೂ ಐದು ವಾರ ಹಿಡಿಯಿತು. ಚೀಲಗಳು ತೊಳೆದು, ಒಣಗಿ, ಬುಟ್ಟಿಯಲ್ಲಿ ಬಾಯಿ ತೆರೆದು ಕೂರುತ್ತಿದ್ದವು. ಅವು ಹಾಗೆ ಅಸ್ತವ್ಯಸ್ತವಾಗಿ ಕೂತಿರುವುದನ್ನು ನೋಡಿದಾಗಲೆಲ್ಲ ಇಸ್ತ್ರಿಯಮ್ಮನ ಕೈ ತುರಿಸುತ್ತಿತ್ತು. ಪಕ್ಕದಲ್ಲಿದ್ದ ಒರಸುವ ಬಟ್ಟೆಯನ್ನು ಎತ್ತಿ ಎರಡು ಸಲ ಮಡಿಚಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಒಂದು ದಿನವೂ ವಾಂತಿಯಿಲ್ಲ, ಭೇದಿಯಿಲ್ಲ. ಆದರೂ ತೂಕ ನೋಡುವ ಮಾತೆತ್ತಿದರೆ "ಮುಂದಿನ ವಾರ ನೋಡೋಣ" ಎಂದು ಮುಂದೂಡುತ್ತಿದ್ದಳು. ಸಂಖ್ಯೆ ಎಂದರೆ ಅಷ್ಟು ಹೆದರಿಕೆ.

ಕೊನೆಗೆ ಸೊಸೆಯೇ ರಜೆ ಹಾಕಿ ಇಬ್ಬರನ್ನೂ ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಯಜಮಾನರು ಚಪ್ಪಲಿ ಬಿಟ್ಟು ಯಂತ್ರದ ಮೇಲೆ ನಿಂತರು. ಇಸ್ತ್ರಿಯಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಳು.

"ಐವತ್ತೊಂದೂವರೆ" ಎಂದರು ನರ್ಸಮ್ಮ.

ಇಸ್ತ್ರಿಯಮ್ಮ ತಿರುಗಲಿಲ್ಲ. "ಇನ್ನೊಂದ್ಸಲ ನೋಡಿ."

ನರ್ಸಮ್ಮ ಯಜಮಾನರನ್ನು ಇಳಿಸಿ ಮತ್ತೆ ಹತ್ತಿಸಿದರು. "ಐವತ್ತೊಂದೂವರೆ. ಬೇಕಾದ್ರೆ ನೀವೇ ಬಂದು ನೋಡಿ. ಐವತ್ತು ದಾಟಿದ್ರೆ ಪೈಪ್ ಮಾತು ಮರೆತುಬಿಡಿ ಅಂತ ಡಾಕ್ಟರೂ ಹೇಳಿದಾರೆ."

ಇಸ್ತ್ರಿಯಮ್ಮ ಬೆಂಚಿನ ಮೇಲೆ ಕೂತು, ಸೊಸೆಯ ಹೆಗಲಿಗೆ ತಲೆಯಿಟ್ಟು, ಜನ ನೋಡುತ್ತಾರೆಂಬ ಪರಿವೆಯಿಲ್ಲದೆ ಅತ್ತಳು. ಅದು ದುಃಖದ ಅಳುವಲ್ಲವೆಂದು ಸಾಲಿನಲ್ಲಿ ಕಾಯುತ್ತಿದ್ದವರಿಗೂ ಗೊತ್ತಾಯಿತು. ಒಬ್ಬ ಮುದುಕಿ ತನ್ನ ನೀರಿನ ಬಾಟಲಿ ಮುಂದೆ ಹಿಡಿದಳು.

ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಬಂದು ಇಬ್ಬರ ಮುಂದೆ ನಿಂತರು. ಏನೋ ಹೇಳಬೇಕು ಆದರೆ ಹೇಗೆ ಹೇಳಲಿ ಎಂಬ ಮುಖ. ಆಪರೇಷನ್ ಆದಂದಿನಿಂದ ಅವರು ಗಡಿಯಾರ ನೋಡಿ ಉಣ್ಣುತ್ತಿದ್ದರು. ಹೊತ್ತಾಯಿತು ಎಂದು ಬಟ್ಟಲು ಹಿಡಿಯುವುದು, ನುಂಗುವುದು, ಅಷ್ಟೇ. ಬೇಕೆನಿಸಿ ಒಂದು ತುತ್ತು ಕೇಳಿದ್ದಿರಲಿಲ್ಲ.

"ಏನ್ರೀ?" ಎಂದಳು ಇಸ್ತ್ರಿಯಮ್ಮ, ಮೂಗೊರಸಿಕೊಳ್ಳುತ್ತ.

"ಊಟಕ್ಕೆ ಇನ್ನೂ ಒಂದು ಗಂಟೆ ಇದೆ, ಗೊತ್ತು" ಎಂದರು ಯಜಮಾನರು. "ಆದ್ರೆ ನಂಗೆ ಈಗ್ಲೇ ಹಸಿವಾಗ್ತಿದೆ ಕಣೇ."

ಈ ಕಥೆ ಓದಿದ, ಕೇಳಿದ ಅಕ್ಕ, ಅಣ್ಣ, ಅಮ್ಮ, ಅಪ್ಪಂದಿರೇ, ನಿಮ್ಮ ಮನೆಯಲ್ಲೂ ವಯಸ್ಸಾದವರಿರಬಹುದು, ಎಳೆ ಮಗುವಿರಬಹುದು, ಕಾಯಿಲೆಯಿಂದ ಎದ್ದವರಿರಬಹುದು. ಅವರ ಊಟವನ್ನು ಬಟ್ಟೆಯ ಕವರಿಗೆ, ಸಾಮಾನಿನ ಕವರಿಗೆ ಬಿಸಿಬಿಸಿಯಾಗಿ ಸುರಿಯುವುದನ್ನು ಇಂದೇ ನಿಲ್ಲಿಸಿ. ಸ್ಟೀಲ್ ಡಬ್ಬಿಯಲ್ಲಿ ಕೆಲಸ ನಡೆಯುವುದಾದರೆ ಅದೇ ಒಳ್ಳೆಯದು. ಹಗುರವಾಗಿ, ಪಾಲು ಪಾಲಾಗಿ ಒಯ್ಯಬೇಕಾದಲ್ಲಿ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಚೀಲ ತನ್ನಿ. ತಂದವರು ತೊಳೆಯುವ, ಒಣಗಿಸುವ ಕ್ರಮವನ್ನು ಮನೆಯ ಎಲ್ಲರಿಗೂ, ಯಾಕೆ ಎಂಬ ಕಾರಣ ಸಮೇತ ಹೇಳಿ. ಆಗಲೇ ಮನೆಯಲ್ಲಿ ಚೀಲ ಇದ್ದರೆ ಈ ಹಾಳೆ ಕೆಳಗಿಟ್ಟು ಎದ್ದು ಹೋಗಿ, ಅದರ ಒಳಮೈ ಹೊರಗೆ ಮಾಡಿ, ಮೂಲೆಗೆ ಬೆರಳು ಹಾಕಿ ನೋಡಿ. ತೇವ ಕಂಡರೆ ನಾಚಿಕೆಪಡಬೇಡಿ, ಬೈಯಲು ಯಾರನ್ನೂ ಹುಡುಕಬೇಡಿ. ತೊಳೆದು, ಬಾಯಿ ತೆರೆದಿಟ್ಟು ಒಣಗಿಸಿ. ನಿಮ್ಮ ಮನೆಯವರು ಹಸಿವಾಗುತ್ತಿದೆ ಎಂದು ಕೇಳಿದಾಗ ಧೈರ್ಯವಾಗಿ ಬಡಿಸಿ.